ಹಳೇ ನಾಣ್ಯ ತೊಳೆಯುವ ಮುಂಚೆ ಹುಣಸೆಹಣ್ಣು ಪಕ್ಕಕ್ಕಿಡಿ

ನಮ್ಮ ತುಮಕೂರು ಕಡೆ ತಾಮ್ರ, ಹಿತ್ತಾಳೆ ಕಪ್ಪಾಯಿತು ಅಂದರೆ ಮದ್ದು ಒಂದೇ, ಹುಣಸೆಹಣ್ಣು. ಹಬ್ಬದ ಹಿಂದಿನ ದಿನ ಚೊಂಬು, ದೀಪ, ಗಂಟೆ, ಆರತಿ ತಟ್ಟೆ ಎಲ್ಲ ಹಿತ್ತಲಿಗೆ ಬರುತ್ತವೆ. ಹುಣಸೆಹುಳಿಗೆ ಚೂರು ಉಪ್ಪು ಸೇರಿಸಿ ತೆಂಗಿನ ನಾರಿನಲ್ಲಿ ನಾಲ್ಕು ಸಲ ತಿಕ್ಕಿದರೆ ಸಾಕು, ಮುಖ ನೋಡಿಕೊಳ್ಳಬಹುದು. ಪಾತ್ರೆಗೆ ಇದು ಸರಿ. ಅದೇ ಹಿತ್ತಲಿಗೆ ಅಜ್ಜಿ ಕಾಲದ ನಾಣ್ಯಗಳೂ ಬಂದವು ಅಂದಾಗಲೇ ತೊಂದರೆ.

ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಗುಬ್ಬಿ ಹತ್ತಿರದ ನಮ್ಮ ಹಳ್ಳಿಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜಿಯ ಎಲೆಅಡಿಕೆ ಸಂಚಿ ಸಿಕ್ಕಿತು. ಒಳಗೆ ಒಣಗಿದ ಸುಣ್ಣದ ಡಬ್ಬಿ, ಒಂದು ಅಡಕತ್ತರಿ, ಅದರ ಜೊತೆ ಒಂದು ಹಿಡಿ ನಾಣ್ಯ. ಕಾಲಾಣೆಗಳು, ನಡುವೆ ತೂತಿರುವ ಕಾಸು, ಅಲ್ಯೂಮಿನಿಯಂ ಮೂರು ಪೈಸೆ, ಮತ್ತೆ ವಿಕ್ಟೋರಿಯಾ ರಾಣಿಯ ಮುಖ ಇರುವ ಬೆಳ್ಳಿಯ ರಾಣಿ ರೂಪಾಯಿ ಒಂದೇ ಒಂದು, 1862ರದ್ದು. ಎಲ್ಲ ಕರ್ರಗೆ, ಜಿಡ್ಡು ಜಿಡ್ಡು. ಭಾನುವಾರ ಬೆಳಗ್ಗೆ ಕೂತು ತಾಮ್ರದ್ದನ್ನೆಲ್ಲ ಹುಣಸೆಹುಳಿಯಲ್ಲಿ ನೆನೆಸಿದೆ, ಬೆಳ್ಳಿ ರೂಪಾಯಿಗೆ ಹಲ್ಲುಪುಡಿ ಹಾಕಿ ಹಳೇ ಬ್ರಷ್ಷಿನಲ್ಲಿ ತಿಕ್ಕಿದೆ. ಹತ್ತು ನಿಮಿಷಕ್ಕೆ ರೂಪಾಯಿ ಫಳಫಳ. ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೂ ಆಯಿತು.

ಆಮೇಲೆ ಬೆಂಗಳೂರಿನಲ್ಲಿ ಒಂದು ನಾಣ್ಯ ಪ್ರದರ್ಶನಕ್ಕೆ ಅದನ್ನು ಹಿಡಿದುಕೊಂಡು ಹೋದೆ. ಅಲ್ಲಿದ್ದ ವಯಸ್ಸಾದ ವ್ಯಾಪಾರಿ ಒಬ್ಬರು ಅಂಚು ಹಿಡಿದು ಬಲ್ಬಿನ ಕೆಳಗೆ ಒಂದು ಸಲ ಓರೆ ಮಾಡಿದರು, ಅಷ್ಟೇ.

"ಯಾರಪ್ಪ ತಿಕ್ಕಿದ್ದು ಇದನ್ನ?"

"ನಾನೇ ಸಾರ್."

"ಹೋಗ್ಲಿ ಬಿಡು. ಬೆಳ್ಳಿ ರೇಟಿಗಾದ್ರೆ ತಗೋತೀನಿ."

ಆ ರೂಪಾಯಿ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡ 91.7. ಲೆಕ್ಕ ಹಾಕಿದರೆ ಹತ್ತೂವರೆ ಗ್ರಾಂ ಚಿಲ್ಲರೆ ಬೆಳ್ಳಿ. ನೂರೈವತ್ತು ವರ್ಷ ಹಳೆಯ ನಾಣ್ಯಕ್ಕೆ ಅವರು ಕಟ್ಟಿದ ಬೆಲೆ ಅದು. ಅದಕ್ಕಿಂತ ಹೊಟ್ಟೆ ಉರಿದದ್ದು ಅವರು ಆಮೇಲೆ ಹೇಳಿದ ಮಾತಿಗೆ. 1862 ಅಂತ ಇಸವಿ ಇರುವ ರೂಪಾಯಿಗಳನ್ನು 1874ರವರೆಗೂ ಅದೇ ಇಸವಿ ಹಾಕಿಯೇ ಅಚ್ಚು ಹಾಕಿದರಂತೆ, ಹಿಂಬದಿಯಲ್ಲಿ ಇಸವಿಯ ಕೆಳಗೆ, ಹೂವಿನ ಹತ್ತಿರ ಇರುವ ಸಣ್ಣ ಸಣ್ಣ ಚುಕ್ಕಿ ಎಣಿಸಿಯೇ ಸಂಗ್ರಹಕಾರರು ಇದು ಯಾವ ಬಗೆಯದು ಅಂತ ಹೇಳುವುದು. ನನ್ನದರಲ್ಲಿ ಚುಕ್ಕಿ ಇದ್ದವೋ ಇಲ್ಲವೋ ದೇವರಿಗೇ ಗೊತ್ತು. ಇದ್ದಿದ್ದರೂ ಹಲ್ಲುಪುಡಿ ತಿಂದಿರುತ್ತದೆ.

ತಿಕ್ಕಿದಾಗ ಹೋಗುವುದೇನು

ಟಂಕಸಾಲೆಯಲ್ಲಿ ಬಿಲ್ಲೆಯ ಮೇಲೆ ಅಚ್ಚು ಜೋರಾಗಿ ಬಿದ್ದಾಗ ಲೋಹ ಒಂದು ಕ್ಷಣ ಮೆತ್ತಗಾಗಿ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಹಾಗೆ ಹರಿದ ಗುರುತು ಮೇಲ್ಮೈಯಲ್ಲಿ ಕೂದಲಿಗಿಂತ ಸಣ್ಣ ಗೆರೆಗಳಾಗಿ ಉಳಿಯುತ್ತದೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿ ತಿರುಗಿಸಿ ನೋಡಿ, ಬೆಳಕು ಗಾಡಿ ಚಕ್ರದ ಕಡ್ಡಿಗಳ ಥರ ಸುತ್ತುತ್ತದೆ. ಆ ಮಿರುಗು ಬರುವುದು ಈ ಗೆರೆಗಳಿಂದ. ಹುಳಿ ಅವನ್ನು ಕರಗಿಸುತ್ತದೆ, ಪುಡಿ ಅವನ್ನು ಕೆರೆದು ಹಾಕುತ್ತದೆ. ಆಮೇಲೆ ಸಿಗುವ ಹೊಳಪು ಸ್ಟೀಲ್ ತಟ್ಟೆಯ ಹೊಳಪು, ನಾಣ್ಯದ್ದಲ್ಲ. ಪಳಗಿದ ಕಣ್ಣಿಗೆ ಒಂದು ಮೊಳ ದೂರದಿಂದಲೇ ಗೊತ್ತಾಗುತ್ತದೆ. ನಾಣ್ಯಕ್ಕೆ ದರ್ಜೆ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಥರದ ಸಂಸ್ಥೆಗಳು ಹೀಗೆ ಕೆಡಿಸಿದ ನಾಣ್ಯಕ್ಕೆ ಸರಿಯಾದ ದರ್ಜೆಯ ಸಂಖ್ಯೆಯನ್ನೇ ಕೊಡುವುದಿಲ್ಲ, 'ತೊಳೆದದ್ದು' ಅಂತ ಷರಾ ಬರೆದು ಕಳಿಸುತ್ತವೆ.

ಹಾಗಂದ ಮಾತ್ರಕ್ಕೆ ನಾಣ್ಯ ಮುಟ್ಟಲೇಬಾರದು ಅಂತಲ್ಲ. ನಾನು ಈಗ ಯಾವ ನಾಣ್ಯ ಕೈಗೆ ಬಂದರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೊಳೆ ಹೊರಗಿನಿಂದ ಬಂದು ಅಂಟಿದ್ದಾ, ಇಲ್ಲಾ ಲೋಹದಿಂದಲೇ ಹುಟ್ಟಿದ್ದಾ?

ಮಣ್ಣು, ಎಣ್ಣೆ ಜಿಡ್ಡು, ಅರಿಶಿನ ಕುಂಕುಮ, ಸೆಲೋಟೇಪಿನ ಗೋಂದು, ಪ್ಲಾಸ್ಟಿಕ್ ಕವರಿನ ಅಂಟು ಇವೆಲ್ಲ ಹೊರಗಿನವು. ತೆಗೆಯಬಹುದು, ನಾಣ್ಯಕ್ಕೆ ನೋವಾಗುವುದಿಲ್ಲ. ಬೆಳ್ಳಿಯ ಕಪ್ಪು, ತಾಮ್ರದ ಕಂದು, ಹಳೇ ಕಾಸಿನ ಮೇಲೆ ಗಟ್ಟಿಯಾಗಿ ಕೂತ ಹಸಿರು ಇವು ಲೋಹವೇ ಗಾಳಿಯ ಜೊತೆ ಸೇರಿ ಮಾಡಿಕೊಂಡ ಪದರ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶ ಹೀರಿ ಕಪ್ಪಾಗುತ್ತದೆ, ತಾಮ್ರ ಆಮ್ಲಜನಕದಿಂದ ಕಂದಾಗುತ್ತದೆ. ಆ ಪದರದೊಳಗೆ ನಾಣ್ಯದ್ದೇ ಒಂದಿಷ್ಟು ಬೆಳ್ಳಿ, ತಾಮ್ರ ಇದೆ. ಅದನ್ನು ಕಿತ್ತರೆ ನಾಣ್ಯದ ಚರ್ಮ ಸುಲಿದ ಹಾಗೆ. ಬೆಳ್ಳಿ ನಾಣ್ಯದ ಮೇಲೆ ಅಂಚಿನಿಂದ ಒಳಕ್ಕೆ ಹೊಂಬಣ್ಣ, ನೀಲಿ, ನೇರಳೆ ಬಣ್ಣ ಹರಡಿರುತ್ತಲ್ಲ, ಅದನ್ನು ಕೊಳೆ ಅಂದುಕೊಂಡು ತಿಕ್ಕುವವರಿದ್ದಾರೆ, ಅದೇ ಬಣ್ಣಕ್ಕೆ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆ.

ಮುಟ್ಟಲೇಬಾರದವು

ವಿಜಯನಗರದ ಕಾಸು, ಮೈಸೂರು ಒಡೆಯರ ಕಾಸು, ಆನೆ ಇರುವ ಟಿಪ್ಪು ಕಾಲದ ತಾಮ್ರದ ಪೈಸೆ ಇಂಥವು ಕೈಯಲ್ಲಿದ್ದರೆ ದಯವಿಟ್ಟು ಸುಮ್ನೆ ಇಟ್ಟುಬಿಡಿ. ನೂರಾರು ವರ್ಷ ಮಣ್ಣಲ್ಲಿದ್ದ ತಾಮ್ರದಲ್ಲಿ ಎಷ್ಟೋ ಸಲ ಅಕ್ಷರ, ಚಿತ್ರ ಉಳಿದಿರುವುದು ಆ ಹಸಿರು ಕಂದು ಪದರದಲ್ಲೇ. ಕೆಳಗೆ ಬರೀ ತೂತುತೂತಾದ ಲೋಹ. ಪದರ ಕರಗಿಸಿದರೆ ಆನೆಯೂ ಅದರ ಜೊತೆ ಕರಗುತ್ತದೆ, ಕೈಗೆ ಕೆಂಪು ಬಿಲ್ಲೆ ಸಿಗುತ್ತದೆ. ಕಂಠೀರವ ಹಣದಂಥ ಪುಟ್ಟ ಚಿನ್ನದ ನಾಣ್ಯವಾದರೆ ಚಿನ್ನ ಹೇಗೂ ಕಪ್ಪಾಗುವುದಿಲ್ಲ. ತೂಕ ಅರ್ಧ ಗ್ರಾಮಿಗಿಂತ ಕಡಿಮೆ, ಸಿಂಕಿನಲ್ಲಿ ತೊಳೆಯಲು ಹೋಗಿ ಜಾರಿತು ಅಂದರೆ ಮೋರಿ ಪಾಲು.

ಇನ್ನು ಹೊಲ ಉಳುವಾಗಲೋ ಪಾಯ ತೋಡುವಾಗಲೋ ಕುಡಿಕೆ ಸಮೇತ ಸಿಕ್ಕಿತು ಅನ್ನಿ, ಆಗ ತೊಳೆಯುವ ಮಾತೇ ಇಲ್ಲ. ನೆಲದೊಳಗೆ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂತ ಕಾನೂನಿದೆ. ಆ ಮೆತ್ತಿದ ಮಣ್ಣೂ ಪುರಾತತ್ವದವರಿಗೆ ಸಾಕ್ಷಿ.

ಹೊಸದಾಗಿಯೇ ಉಳಿದಿರುವ, ಚಲಾವಣೆಗೇ ಬರದ ನಾಣ್ಯವನ್ನೂ ತೊಳೆಯಬೇಡಿ. ಮೊದಲು ಹೇಳಿದ ಗೆರೆಗಳು ಪೂರ್ತಿ ಇರುವುದು ಅದರಲ್ಲೇ. ಮೆತ್ತನೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೂ ಗೀರು ಬೀಳುತ್ತದೆ.

ತರಬೇಕಾದ ಸಾಮಾನು

ಮೊದಲು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಹೇಗಿದೆ ಅಂತ ನಲ್ಲಿ ತುದಿಯ ಬಿಳಿ ಪದರ ನೋಡಿದರೆ ಸಾಕು, ಗೊತ್ತಾಗುತ್ತದೆ. ಪಾವಗಡ, ಶಿರಾ ಕಡೆಯವರಿಗಂತೂ ಹೇಳುವುದೇ ಬೇಡ. ಆ ನೀರು ನಾಣ್ಯದ ಮೇಲೆ ಒಣಗಿದರೆ ಉಪ್ಪಿನ ಚುಕ್ಕಿ ಕೂರುತ್ತದೆ. ಕಾರ್ಪೊರೇಷನ್ ನೀರಾದರೆ ಕ್ಲೋರಿನ್ ಇರುತ್ತದೆ, ತಾಮ್ರಕ್ಕೆ ಅದು ಆಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಒಂದು ಎಚ್ಚರ. ಬ್ಯಾಟರಿಗೆ ಹಾಕುವ ಆಸಿಡ್ಡೂ ಅದೇ ಅಂಗಡಿಯಲ್ಲಿ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ. ಸೀಲ್ ಒಡೆಯದ ಕ್ಯಾನ್, ಮೇಲಿನ ಚೀಟಿ ಓದಿಯೇ ತಗೊಳ್ಳಿ.

ಎರಡನೆಯದು ಅಸಿಟೋನ್. ಪ್ರಯೋಗಾಲಯಕ್ಕೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧವಾದದ್ದು ಸಿಗುತ್ತದೆ. ಪೇಂಟ್ ಅಂಗಡಿಯಲ್ಲಿ ಕೇಳಿದರೆ ಥಿನ್ನರ್ ಕೊಟ್ಟು "ಎಲ್ಲಾ ಒಂದೇ ಸಾರ್" ಅನ್ನುತ್ತಾರೆ, ಒಂದೇ ಅಲ್ಲ. ಉಗುರುಬಣ್ಣ ತೆಗೆಯುವ ಸೀಸೆಯೂ ಬೇಡ, ಅದರಲ್ಲಿ ಎಣ್ಣೆ, ಬಣ್ಣ, ವಾಸನೆ ಸೇರಿಸಿರುತ್ತಾರೆ. ಮೂರನೆಯದು ಲಿಕ್ವಿಡ್ ಪ್ಯಾರಾಫಿನ್, ಮಲಬದ್ಧತೆಗೆ ಕೊಡುತ್ತಾರಲ್ಲ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಅದೇ ಎಣ್ಣೆ. ಬಣ್ಣ, ರುಚಿ ಸೇರಿಸದ ಬರೀ ಪ್ಯಾರಾಫಿನ್ ಕೇಳಿ. ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಬೇಡ, ಅಂಥ ಎಣ್ಣೆಯಲ್ಲಿರುವ ಹುಳಿ ಅಂಶ ನಿಧಾನಕ್ಕೆ ತಾಮ್ರವನ್ನು ಹಿಡಿಯುತ್ತದೆ. ತಿಪಟೂರಿನವರು ಬೇಜಾರು ಮಾಡಿಕೊಳ್ಳಬಾರದು.

ಇವಿಷ್ಟರ ಜೊತೆ ಎರಡು ಮೂರು ಗಾಜಿನ ಬಟ್ಟಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಕಿವಿಗೆ ಹಾಕುವ ಹತ್ತಿಕಡ್ಡಿ, ಬಿದಿರಿನ ಹಲ್ಲುಕಡ್ಡಿ, ತೊಳೆದು ಹಳೆಯದಾದ ಹತ್ತಿ ಟವಲ್. ಟವಲ್ ಮೇಜಿನ ಮೇಲೆ ಹಾಸಿ, ಅದರ ಮೇಲೇ ಕೆಲಸ ಮಾಡಿ. ಕೈ ಜಾರಿ ಗ್ರಾನೈಟ್ ಮೇಲೆ ಬಿದ್ದ ನಾಣ್ಯಕ್ಕೆ ಅಂಚು ಜಜ್ಜಿಹೋಗುತ್ತದೆ.

ಮಾಡುವ ವಿಧಾನ

ಮೊದಲ ಸಲ ನಿಮ್ಮ ಒಳ್ಳೇ ನಾಣ್ಯ ಹಿಡಿಯಬೇಡಿ. ಜೇಬಿನಲ್ಲಿರುವ ಕೊಳಕು ಐದು ರೂಪಾಯಿ ತಗೊಂಡು ಪೂರ್ತಿ ಒಂದು ಸುತ್ತು ಮಾಡಿ ನೋಡಿ.

ಕೈ ಸೋಪು ಹಚ್ಚಿ ತೊಳೆದು ಒಣಗಿಸಿಕೊಳ್ಳಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಬೇಕು, ಹೆಬ್ಬೆಟ್ಟು ಮುಖದ ಮೇಲೆ ಕೂರಬಾರದು. ಬೆವರಿನ ಉಪ್ಪಿನಿಂದ ಬಿದ್ದ ಬೆರಳಚ್ಚು ವರ್ಷಗಳ ಮೇಲೆ ತಾಮ್ರದಲ್ಲಿ ಕಪ್ಪಾಗಿ ಮೂಡುತ್ತದೆ, ಆಮೇಲೆ ಹೋಗುವುದಿಲ್ಲ. ನಂತರ ಎರಡೂ ಮುಖದ ಫೋಟೋ ತೆಗೆಯಿರಿ, ಬೆಳಕು ಪಕ್ಕದಿಂದ ಬೀಳಲಿ. ಭೂತಗನ್ನಡಿಯಲ್ಲಿ ನೋಡಿ. ಇಸವಿ ಎಲ್ಲಿದೆ, ಚುಕ್ಕಿ ಎಲ್ಲಿದೆ, ಕೊಳೆ ಎಂಥದ್ದು. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ನಾಣ್ಯ ಈ ಹಂತದಲ್ಲೇ ಡಬ್ಬಿಗೆ ವಾಪಸ್ ಹೋಗುತ್ತವೆ, ಮಾಡಲು ಏನೂ ಇರುವುದಿಲ್ಲ.

ಮಣ್ಣು ಇದೆ ಅಂದರೆ ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಒಂದೇ ಒಂದು ನಾಣ್ಯ ಮಲಗಿಸಿ. ಐದಾರು ಒಟ್ಟಿಗೆ ಹಾಕಿದರೆ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಒಂದೆರಡು ಗಂಟೆ ಬಿಟ್ಟು ನೋಡಿ, ನೀರು ಕಲಕಾಗಿದ್ದರೆ ಚೆಲ್ಲಿ ಹೊಸ ನೀರು ಹಾಕಿ. ಬೆಳ್ಳಿ, ನಿಕಲ್ ನಾಣ್ಯವಾದರೆ ಒಂದು ರಾತ್ರಿ ಬಿಟ್ಟರೂ ತೊಂದರೆ ಇಲ್ಲ. ಮಣ್ಣು ನೆನೆದು ತಾನಾಗೇ ಬಿಡಬೇಕು, ನೀವು ಬಿಡಿಸಬಾರದು. ಈ ಮಾತು ನನಗೆ ತಲೆಗೆ ಹೋಗಲು ವರ್ಷಗಳೇ ಬೇಕಾದವು, ಯಾಕೆಂದರೆ ನೆನೆದ ಮಣ್ಣು ಕಂಡ ತಕ್ಷಣ ಬೆರಳಲ್ಲಿ ಒಂದು ಸಲ ಉಜ್ಜೋಣ ಅಂತ ಕೈ ತುರಿಸುತ್ತದೆ, ಆ ಮಣ್ಣಲ್ಲೇ ಮರಳಿನ ಕಣ ಇರುತ್ತದೆ, ಉಜ್ಜಿದರೆ ಮರಳುಕಾಗದ ಎಳೆದ ಹಾಗೆ. ತೀರಾ ಒಂದು ಮೂಲೆಯಲ್ಲಿ ಕೂತಿದ್ದರೆ ನೆನೆದ ಬಿದಿರುಕಡ್ಡಿಯ ತುದಿಯಲ್ಲಿ ನೀರೊಳಗೇ ಮೆಲ್ಲಗೆ ತಳ್ಳಿ. ಪಿನ್ನು, ಬ್ಲೇಡು, ಸ್ಟೀಲ್ ನಾರು ಹತ್ತಿರಕ್ಕೂ ಬರಬಾರದು.

ಎಣ್ಣೆ ಜಿಡ್ಡು ನೀರಿಗೆ ಬಗ್ಗುವುದಿಲ್ಲ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯವಾದರೆ ನೀರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಬಹುದು, ಅದೂ ನಿಂಬೆಹುಳಿ ಇಲ್ಲದ್ದು. ಆಮೇಲೆ ಮೂರು ಸಲ ಬರೀ ನೀರಿನಲ್ಲಿ ಅದ್ದಿ. ಆದರೆ ನಾನು ಸೀದಾ ಅಸಿಟೋನಿಗೆ ಹೋಗುತ್ತೇನೆ.

ಅಸಿಟೋನ್ ಕೆಲಸ ತಾರಸಿಯ ಮೇಲೋ ಹಜಾರದ ಹೊರಗೋ ಮಾಡಿ. ಇದು ಪೆಟ್ರೋಲಿನ ಥರ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಸಿಗರೇಟು ಯಾವುದೂ ಹತ್ತಿರ ಇರಬಾರದು. ಮಕ್ಕಳನ್ನು ದೂರ ಇಡಿ. ಪ್ಲಾಸ್ಟಿಕ್ ಬಟ್ಟಲು ಬೇಡ, ಕೆಲವು ಪ್ಲಾಸ್ಟಿಕ್ ಇದರಲ್ಲಿ ಕರಗಿ ನಾಣ್ಯಕ್ಕೇ ಅಂಟುತ್ತದೆ. ಎರಡು ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ. ನೀರು ಪೂರ್ತಿ ಆರಿದ ನಾಣ್ಯವನ್ನು ಮೊದಲನೆಯದರಲ್ಲಿ ಐದು ಹತ್ತು ನಿಮಿಷ ಬಿಟ್ಟು, ಮೇಲೆ ಗಾಜಿನ ಮುಚ್ಚಳ ಮುಚ್ಚಿ. ಗೋಂದು, ಜಿಡ್ಡು ಕರಗಿ ಬರುತ್ತದೆ. ಇನ್ನೂ ಉಳಿದಿದ್ದರೆ ಹತ್ತಿಕಡ್ಡಿಯನ್ನು ಅಸಿಟೋನಿನಲ್ಲಿ ನೆನೆಸಿ ನಾಣ್ಯದ ಮೇಲೆ ಉರುಳಿಸಿ, ಚಪಾತಿ ಲಟ್ಟಿಸುವ ಥರ, ಆದರೆ ಒತ್ತದೆ. ಉರುಳಿಸಬೇಕು, ತಿಕ್ಕಬಾರದು. ಪ್ರತಿ ಸಲ ಹೊಸ ಕಡ್ಡಿ. ಕೊನೆಗೆ ಎರಡನೇ ಬಟ್ಟಲಲ್ಲಿ ಒಂದು ಸಲ ಅದ್ದಿ ತೆಗೆಯಿರಿ, ಇಲ್ಲವೆಂದರೆ ಕರಗಿದ ಕೊಳೆಯೇ ತೆಳ್ಳಗೆ ಮತ್ತೆ ಕೂರುತ್ತದೆ. ಒರೆಸುವುದು ಬೇಕಿಲ್ಲ, ಅರ್ಧ ನಿಮಿಷದಲ್ಲಿ ತಾನೇ ಹಾರಿಹೋಗುತ್ತದೆ. ಮಿಕ್ಕಿದ್ದನ್ನು ಸಿಂಕಿಗೆ ಚೆಲ್ಲಬೇಡಿ, ಬಯಲಲ್ಲಿ ಬಟ್ಟಲು ಇಟ್ಟರೆ ಆವಿಯಾಗುತ್ತದೆ.

ಶುದ್ಧ ಅಸಿಟೋನ್ ಲೋಹದ ತಂಟೆಗೆ ಹೋಗುವುದಿಲ್ಲ. ಅದಕ್ಕೇ ನಾನು ಅದನ್ನು ನಂಬುವುದು. ಕಪ್ಪು ಕಪ್ಪಾಗೇ ಇರುತ್ತದೆ, ಕಂದು ಕಂದಾಗೇ ಇರುತ್ತದೆ, ಮೇಲಿನ ಕೊಳೆ ಮಾತ್ರ ಹೋಗುತ್ತದೆ.

ನೀರಿನಿಂದ ತೆಗೆದದ್ದನ್ನು ಟವಲ್ ಮಡಿಕೆಯ ನಡುವೆ ಇಟ್ಟು ಮೇಲಿಂದ ಮೆಲ್ಲಗೆ ಒತ್ತಿ ನೀರು ಹೀರಿಸಿ. ಎರಡು ಲೋಹ ಸೇರಿಸಿದ ಹತ್ತು ರೂಪಾಯಿ ಥರದ್ದಾದರೆ ನಡುವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ಒಂದು ದಿನ ಪೂರ್ತಿ ಆರಲಿ. ಹೇರ್ ಡ್ರೈಯರ್, ಬಿಸಿಲು, ಒಲೆ ಪಕ್ಕ ಯಾವುದೂ ಬೇಡ.

ಲೋಹ ನೋಡಿ ಕೈ ಹಾಕಿ

ಅಲ್ಯೂಮಿನಿಯಂ ನಾಣ್ಯ ಅಂದರೆ ಎಲ್ಲರಿಗೂ ಅಸಡ್ಡೆ. ಅಜ್ಜಿಯ ಸಂಚಿಯಲ್ಲಿದ್ದ ಆರು ಮೂಲೆಯ ಮೂರು ಪೈಸೆಗಳನ್ನು ನೋಡಿದ ಮೇಲೆ ನನಗೆ ಅಸಡ್ಡೆ ಹೋಯಿತು. ಸುಣ್ಣದ ಡಬ್ಬಿಗೆ ತಾಗಿಕೊಂಡಿದ್ದ ಎರಡರ ಮೈಯೆಲ್ಲ ಸಿಡುಬಿನ ಕಲೆಯ ಥರ ಗುಳಿ ಬಿದ್ದಿತ್ತು, ದೂರದಲ್ಲಿದ್ದವು ಚೆನ್ನಾಗೇ ಇದ್ದವು. ಒದ್ದೆ ಸುಣ್ಣ ಅಲ್ಯೂಮಿನಿಯಮ್ಮನ್ನು ತಿಂದುಬಿಡುತ್ತದೆ. ಹುಳಿಯೂ ಆಗದು, ಕ್ಷಾರವೂ ಆಗದು ಇದಕ್ಕೆ. ಸೋಡಾ, ಬಟ್ಟೆ ಸೋಪು, ಬೂದಿ ಎಲ್ಲ ಕ್ಷಾರವೇ. ಬರೀ ನೀರು, ಅಸಿಟೋನ್, ಮುಗಿಯಿತು.

ಬೆಳ್ಳಿಗೆ ಒಂದು ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು. ಕಾಲ್ಗೆಜ್ಜೆಗೆ, ಬೆಳ್ಳಿ ಲೋಟಕ್ಕೆ ಮಾಡಿ, ನಿಜಕ್ಕೂ ಕೆಲಸ ಮಾಡುತ್ತದೆ. ನಾಣ್ಯಕ್ಕೆ ಮಾಡಿದರೆ ಕಪ್ಪಿನ ಜೊತೆ ನೂರು ವರ್ಷದ ಬಣ್ಣವೂ ಹೋಗಿ ಬೆಳ್ಳಗೆ ಬಿಳಿಚಿಕೊಂಡ ಬಿಲ್ಲೆ ಸಿಗುತ್ತದೆ. ಬೆಳ್ಳಿ ಅಂಗಡಿಯಲ್ಲಿ ಪಾಲಿಶ್‌ಗೆ ಕೊಟ್ಟರೆ ಇನ್ನೂ ಕೆಟ್ಟದು, ಅಲ್ಲಿ ತಿರುಗುವ ಬಫ್ಫಿಗೆ ಹಿಡಿಯುತ್ತಾರೆ, ರಾಣಿಯ ಮೂಗೇ ಸವೆಯುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅದ್ದಿ ತೆಗೆಯುವ ರಾಸಾಯನಿಕ ಸಿಗುತ್ತದೆ, ಸೆಕೆಂಡಿನಲ್ಲಿ ಕಪ್ಪು ಮಾಯ. ಅದರಲ್ಲಿ ಆಸಿಡ್ ಇದೆ, ಪ್ರತಿ ಸಲ ಒಂದು ಪದರ ಬೆಳ್ಳಿಯನ್ನೂ ಒಯ್ಯುತ್ತದೆ. ಪಳಗಿದವರು ಕೆಲವರು ಬಳಸುತ್ತಾರೆ. ನಾನು ಬಳಸುವುದಿಲ್ಲ.

1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ, ಉಳಿದದ್ದು ಹೆಚ್ಚುಕಡಿಮೆ ತಾಮ್ರ. ಅದು ಬೂದುಬಣ್ಣಕ್ಕೆ ತಿರುಗಿದ್ದರೆ ಅದರ ಗುಣವೇ ಅಷ್ಟು, ಹೊಳೆಯುತ್ತಿಲ್ಲ ಅಂತ ಹಟ ಮಾಡಬೇಡಿ. 1947ರ ಹುಲಿ ಇರುವ ರೂಪಾಯಿ ನಿಕಲ್, ಅಯಸ್ಕಾಂತಕ್ಕೆ ಅಂಟುತ್ತದೆ, ಗಟ್ಟಿ ಜೀವ.

ತಾಮ್ರ, ಕಂಚಿನದೇ ಬೇರೆ ಕಥೆ. ಕಾಲಾಣೆ, 1943ರಿಂದ 47ರ ತೂತಿನ ಕಾಸು, 1957ರಲ್ಲಿ ಬಂದ ನಯಾ ಪೈಸೆ, ಇವಕ್ಕೆಲ್ಲ ಕಿಲುಬು ಹಿಡಿಯುತ್ತದೆ. ಕಿಲುಬಿನಲ್ಲಿ ಎರಡು ಜಾತಿ. ಕಡುಹಸಿರು, ನುಣುಪು, ಕಡ್ಡಿ ತಾಗಿಸಿದರೆ ಕಲ್ಲಿನಂತೆ ಗಟ್ಟಿ ಇದ್ದರೆ ಅದು ನಾಣ್ಯವನ್ನು ಕಾಯುತ್ತಿದೆ, ಬಿಟ್ಟುಬಿಡಿ. ತಿಳಿಹಸಿರು, ಸುಣ್ಣದ ಪುಡಿಯಂತೆ ಉದುರುತ್ತದೆ, ಒರೆಸಿದರೆ ಮಳೆಗಾಲದಲ್ಲಿ ಮತ್ತೆ ಬರುತ್ತದೆ ಅಂದರೆ ಅದು ರೋಗ. ಉಪ್ಪಿನ ಅಂಶ ಲೋಹದೊಳಗೆ ಸೇರಿಕೊಂಡು, ಗಾಳಿಯ ತೇವ ಸಿಕ್ಕಾಗಲೆಲ್ಲ ಒಳಗೊಳಗೇ ತಿನ್ನುತ್ತಿರುತ್ತದೆ. ಹುಣಸೆಹುಳಿಗೆ ಉಪ್ಪು ಸೇರಿಸಿ ತಿಕ್ಕಿದವರು ಈ ರೋಗವನ್ನು ಕೈಯಾರೆ ಅಂಟಿಸಿದ ಹಾಗೆ. ನನ್ನ ಕಾಲಾಣೆಗಳು ಮೊದಲ ದಿನ ಹೊಸ ತಾಮ್ರದಂತೆ ಗುಲಾಬಿಯಾಗಿದ್ದವು, ಮೂರು ತಿಂಗಳಲ್ಲಿ ಮಾಸಲು ತೇಪೆ ತೇಪೆ, ಒಂದರಲ್ಲಿ ಹಸಿರು ಪುಡಿ.

ಅಂಥದ್ದನ್ನು ಕಂಡ ತಕ್ಷಣ ಬೇರೆ ನಾಣ್ಯಗಳಿಂದ ದೂರ ಇಡಿ. ಡಿಸ್ಟಿಲ್ಡ್ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸುತ್ತಾ ಒಂದೆರಡು ವಾರ ಬಿಟ್ಟರೆ ಉಪ್ಪು ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ತಾಮ್ರವನ್ನು ಇಷ್ಟು ದಿನ ನೀರಲ್ಲಿ ಇಟ್ಟರೆ ಬಣ್ಣ ತುಸು ಮಂಕಾಗುವುದುಂಟು, ಆದರೆ ನಾಣ್ಯವೇ ಹೋಗುವುದಕ್ಕಿಂತ ವಾಸಿ. ಚೆನ್ನಾಗಿ ಒಣಗಿಸಿ, ಅಸಿಟೋನಿನಲ್ಲಿ ಅದ್ದಿ ತೇವ ತೆಗೆದು, ಆಮೇಲೆ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಕೆಲವು ವಾರ ಮುಳುಗಿಸಿ ಇಡಿ. ಮೆತ್ತಗಾದ ಪುಡಿಯನ್ನು ಬಿದಿರುಕಡ್ಡಿಯಲ್ಲಿ ಎತ್ತಬಹುದು. ಬೆಲೆಬಾಳುವ ನಾಣ್ಯವಾದರೆ ಇಷ್ಟನ್ನೂ ಮಾಡಲು ಹೋಗದೆ, ಒಣ ಡಬ್ಬಿಯಲ್ಲಿ ಹಾಕಿ ಲೋಹ ಸಂರಕ್ಷಣೆ ಓದಿಕೊಂಡವರಿಗೆ ತೋರಿಸಿ.

ಅರಿಶಿನ ಕುಂಕುಮದ ವಿಚಾರ

ಮನೆಯಲ್ಲಿ ನನಗೂ ಅಮ್ಮನಿಗೂ ಜಗಳ ಆಗುವುದು ಇಲ್ಲೇ. ವರಮಹಾಲಕ್ಷ್ಮಿ ಹಬ್ಬಕ್ಕೆ ರಾಣಿ ರೂಪಾಯಿ ಕಳಶದ ಮುಂದೆ ಬರಲೇಬೇಕು. ಪಂಚಾಮೃತ ಆಗಬೇಕು, ಮೇಲೆ ಅರಿಶಿನ ಕುಂಕುಮ. ಮೊಸರಿನ ಹುಳಿ, ಹಾಲಿನ ಜಿಡ್ಡು, ಸಕ್ಕರೆಯ ಅಂಟು, ಅದರ ಮೇಲೆ ಬಣ್ಣ. ನಾಣ್ಯಕ್ಕೆ ಇದಕ್ಕಿಂತ ಕೆಟ್ಟ ದಿನ ಇಲ್ಲ. "ಲಕ್ಷ್ಮಿಗೆ ಕರೀ ಕಾಸು ಇಡ್ತಾರೇನೋ, ಒಂದ್ಸಲ ಸಬೀನ ಹಾಕಿ ಉಜ್ಜಿಕೊಡು" ಅಂತ ಅಮ್ಮ. ಕೊನೆಗೆ ಬೆಳ್ಳಿ ಅಂಗಡಿಯಿಂದ ಹತ್ತು ಗ್ರಾಮಿನ ಹೊಸ ಲಕ್ಷ್ಮಿ ನಾಣ್ಯ ತಂದುಕೊಟ್ಟೆ. ಅದನ್ನು ಅಮ್ಮ ಏನು ಬೇಕಾದರೂ ಹಾಕಿ ತೊಳೆಯಲಿ.

ಈಗಾಗಲೇ ಬಣ್ಣ ಹಿಡಿದಿದ್ದರೆ ಮೊದಲು ನೀರು, ಆಮೇಲೆ ಅಸಿಟೋನ್. ಅರಿಶಿನದ ಹಳದಿ ನೀರಿಗೆ ಬಗ್ಗದಿದ್ದರೂ ಅಸಿಟೋನಿನಲ್ಲಿ ಕರಗುತ್ತದೆ, ಬಟ್ಟಲು ಹಳದಿಯಾಗುವುದು ಕಣ್ಣಿಗೇ ಕಾಣುತ್ತದೆ. ಕುಂಕುಮದ ಕೆಂಪು ಅಕ್ಷರದ ಸಂದಿಯಲ್ಲಿ ಚೂರು ಉಳಿದರೆ ಉಳಿಯಲಿ. ಕಾಸಿನ ಸರದಿಂದ ಬಿಚ್ಚಿದ ನಾಣ್ಯವಾದರೆ ಕೊಂಡಿ ಬೆಸುಗೆ ಹಾಕಿದ ಗುರುತು ಅಂಚಿನಲ್ಲಿರುತ್ತದೆ, ಅದನ್ನು ಅರ ಹಾಕಿ ಉಜ್ಜಿಸಬೇಡಿ, ಇನ್ನಷ್ಟು ಹಾಳಾಗುತ್ತದೆ.

ಇಡುವುದು ಹೇಗೆ

ತೊಳೆಯುವುದಕ್ಕಿಂತ ಇಡುವುದೇ ದೊಡ್ಡ ಕೆಲಸ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್ ಇವುಗಳಲ್ಲಿ ಗಂಧಕದ ಅಂಶ ಇರುತ್ತದೆ, ಬೆಳ್ಳಿ ಬೇಗ ಕಪ್ಪಾಗುತ್ತದೆ. ಸ್ಟೇಷನರಿ ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಆಲ್ಬಮ್ ನೋಡಲು ಚೆಂದ, ಆದರೆ ಬಗ್ಗಿಸಿದರೆ ಬಗ್ಗುವ, ಹೊಸ ರೈನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಪಿವಿಸಿ. ಕೆಲವು ವರ್ಷದಲ್ಲಿ ಅದರಿಂದ ಹಸಿರು ಜಿಗುಟು ಹೊರಟು ನಾಣ್ಯಕ್ಕೆ ಮೆತ್ತಿಕೊಳ್ಳುತ್ತದೆ. ಬೇಗ ಕಂಡುಹಿಡಿದರೆ ಅಸಿಟೋನಿನಲ್ಲಿ ಪೂರ್ತಿ ಹೋಗುತ್ತದೆ, ತಡವಾದರೆ ಲೋಹಕ್ಕೇ ಗುಳಿ ಬೀಳುತ್ತದೆ. ಮೈಲಾರ್ ಅನ್ನುವ ತೆಳು ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕ ಸಿಗುತ್ತದೆ, ಇಲ್ಲವೇ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿ. ರಟ್ಟಿನ ಚೌಕಕ್ಕೆ ಸ್ಟೇಪ್ಲರ್ ಹೊಡೆದಿದ್ದರೆ ಬಿಚ್ಚುವಾಗ ಮೊದಲು ಪಿನ್ನು ಪೂರ್ತಿ ಕಿತ್ತು ಆಮೇಲೆ ನಾಣ್ಯ ತೆಗೆಯಿರಿ. ಸುಮಾರು ಗೀರು ಬೀಳುವುದು ಆ ಪಿನ್ನಿನಿಂದಲೇ.

ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಜೊತೆಗೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ, ಮಳೆಗಾಲಕ್ಕೆ ಮುಂಚೆ ಬದಲಿಸಿ. ಅಡುಗೆಮನೆ, ದೇವರಮನೆ ಬೇಡ, ಹೊಗೆ ಆಗುವುದಿಲ್ಲ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಜಾತ್ರೆಗಳಲ್ಲಿ ಟವಲ್ ಹಾಸಿಕೊಂಡು ಈಸ್ಟ್ ಇಂಡಿಯಾ ಕಂಪನಿ ಹೆಸರಿನ, ರಾಮ ಸೀತೆ ಆಂಜನೇಯ ಇರುವ 1818ರ ಕಾಸು ಮಾರುತ್ತಾರಲ್ಲ, ಕಂಪನಿ ಅಂಥ ಕಾಸು ಹೊರಡಿಸಿಯೇ ಇಲ್ಲ. ಅಕ್ಕಿ ಎಳೆಯುತ್ತದೆ ಅಂತ ಹೇಳುವ ಕಾಸಿನ ಕಥೆಯೂ ಅಷ್ಟೇ, ರೈಸ್ ಪುಲ್ಲಿಂಗ್ ಹೆಸರಲ್ಲಿ ದುಡ್ಡು ಕಳೆದುಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥ ಕಾಸು ಮನೆಯಲ್ಲಿದ್ದರೆ ಹುಣಸೆಹಣ್ಣು ಹಾಕಿ ಧಾರಾಳವಾಗಿ ತಿಕ್ಕಿ.

ಈಗಾಗಲೇ ತಿಕ್ಕಿಬಿಟ್ಟಿದ್ದರೆ

ನನ್ನ ಹಾಗೆ ಮಾಡಿಕೊಂಡವರು ಅದನ್ನು ಸರಿಮಾಡಲು ಹೋಗಬೇಡಿ. ಕಪ್ಪು ಬರಿಸಲು ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಇಡುವುದು, ಗಂಧಕದ ಹೊಗೆ ಹಾಕುವುದು ಇವೆಲ್ಲ ಇನ್ನೊಂದು ಮೋಸ, ಆ ಬಣ್ಣ ನೋಡಿದರೆ ಗೊತ್ತಾಗುತ್ತದೆ. ತಿಕ್ಕಿದಾಗ ಬಳಸಿದ ಹುಳಿ, ಪುಡಿ ಉಳಿದಿರಬಹುದು, ಅದಕ್ಕೆ ಒಂದು ಸಲ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಅಸಿಟೋನಿನಲ್ಲಿ ಅದ್ದಿ, ಒಳ್ಳೇ ಡಬ್ಬಿಯಲ್ಲಿ ಹಾಕಿ. ಮಾರುವಾಗ ತೊಳೆದದ್ದು ಅಂತ ಬಾಯಿಬಿಟ್ಟು ಹೇಳಿ. ಹೇಗೂ ಅವರಿಗೆ ಗೊತ್ತಾಗುತ್ತದೆ, ಮೊದಲೇ ಹೇಳಿದರೆ ನಿಮ್ಮ ಉಳಿದ ನಾಣ್ಯಗಳನ್ನಾದರೂ ನಂಬುತ್ತಾರೆ.

ನನ್ನ ರಾಣಿ ರೂಪಾಯಿಯನ್ನು ನಾನು ಮಾರಲಿಲ್ಲ. ರಟ್ಟಿನ ಚೌಕದಲ್ಲಿ ಹಾಕಿ ಹಿಂದೆ ಪೆನ್ಸಿಲಿನಲ್ಲಿ 'ನಾನೇ ತಿಕ್ಕಿದ್ದು' ಅಂತ ಬರೆದಿದ್ದೇನೆ. ಹೊಸಬರು ಯಾರಾದರೂ ನಾಣ್ಯ ತೋರಿಸಲು ಬಂದರೆ ಮೊದಲು ಅದನ್ನೇ ಬಲ್ಬಿನ ಕೆಳಗೆ ಓರೆ ಮಾಡಿ ತೋರಿಸುತ್ತೇನೆ. ಹಲ್ಲುಪುಡಿಯ ಗೀರುಗಳು ರಾಣಿಯ ಕೆನ್ನೆ ಮೇಲೆ ಸಾಲಾಗಿ ಕಾಣುತ್ತವೆ, ಅಂಚಿನಲ್ಲಿ ಈಗೀಗ ಸ್ವಲ್ಪ ಹಳದಿ ತಿರುಗುತ್ತಿದೆ.